ಮೀನಖಂಡ ಹಿಡಿದ ಮಳೆಗಾಲ

ಜೂನ್ ತಿಂಗಳ ಎರಡನೆಯ ವಾರ. ಮಲೆನಾಡಿನ ನಮ್ಮ ಸಾಗರ ಪೇಟೆಯಲ್ಲಿ ಮಳೆ ಹಿಡಿದು ನಾಲ್ಕು ದಿನಗಳಾಗಿದ್ದವು. ರಾತ್ರಿ ಸುಮಾರು ಎರಡೂವರೆಯ ಹೊತ್ತಿಗೆ, ಅರೆನಿದ್ದೆಯಲ್ಲಿ ಮೈಮುರಿಯುವುದಕ್ಕೆಂದು ಎರಡೂ ಕಾಲುಗಳನ್ನು ನೀಳವಾಗಿ ಚಾಚಿದ್ದೇ ತಡ, ಎಡಗಾಲಿನ ಮೀನಖಂಡವನ್ನು ಒದ್ದೆ ಕಂಬಳಿ ಹಿಂಡುವ ಹಾಗೆ ಯಾರೋ ತಿರುಚಿ ಹಿಂಡಿದಂತಾಯಿತು. ಕೂಗಿಕೊಂಡೆನೋ ಇಲ್ಲವೋ ನನಗೆ ನೆನಪಿಲ್ಲ. ಪಕ್ಕದ ಮನೆಗೂ ಕೇಳಿಸುವಂತೆ ಕೂಗಿದೆನೆಂದು ನನ್ನ ಹೆಂಡತಿ ಹೇಳುತ್ತಾಳೆ. ಅವಳು ದೀಪ ಹಾಕಿದಾಗ ನೋಡಿದರೆ ಪಾದ ಕೆಳಮುಖವಾಗಿ ಬಾಗಿ ನಿಂತಿದೆ, ಬೆರಳುಗಳು ಮಡಚಿಕೊಂಡಿವೆ, ಮೀನಖಂಡ ತೆಂಗಿನ ಚಿಪ್ಪಿನಷ್ಟು ಗಟ್ಟಿಯಾಗಿ ಉಬ್ಬಿದೆ, ನಾನು ಎಷ್ಟು ಪ್ರಯತ್ನಪಟ್ಟರೂ ಕಾಲು ನನ್ನ ಮಾತು ಕೇಳುತ್ತಿಲ್ಲ. “ರೀ, ಲಕ್ವ ಏನಾದ್ರೂ ಹೊಡೀತಾ?” ಎಂದು ಅವಳು ಕೇಳಿದಳು. ಅಷ್ಟು ಹೊತ್ತೂ ನನ್ನ ಮನಸ್ಸಿನಲ್ಲಿದ್ದುದು ಅದೇ ಆದ್ದರಿಂದ ಉತ್ತರ ಹೇಳಲು ಬಾಯಿ ಬರಲಿಲ್ಲ. ಗಡಿಯಾರದ ಲೆಕ್ಕದಲ್ಲಿ ಮೂರು ನಿಮಿಷ ಕಳೆಯುವುದರೊಳಗೆ ಸ್ನಾಯು ತಾನಾಗಿ ಸಡಿಲವಾಯಿತು. ಆದರೆ ಒಳಗಿನ ನೋವು ಎರಡು ದಿನ ಹಾಗೆಯೇ ಉಳಿದು, ನಾನು ಪೇಟೆಗೆ ಕುಂಟುತ್ತಾ ಹೋಗಿಬರಬೇಕಾಯಿತು.

ನನಗೀಗ ಅರವತ್ತನಾಲ್ಕು ವರ್ಷ. 1984ರಲ್ಲಿ ಅಂಚೆ ಇಲಾಖೆಗೆ ಸೇರಿ, ಕೊನೆಯ ಹನ್ನೆರಡು ವರ್ಷ ಉಪ ಅಂಚೆ ಕಚೇರಿಯೊಂದರ ಪೋಸ್ಟ್‌ಮಾಸ್ಟರ್ ಆಗಿದ್ದು ನಿವೃತ್ತನಾದವನು. ಕಾಲು ಹಿಡಿದುಕೊಳ್ಳುವುದೆಂದರೇನು ಎಂಬುದು ನನಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಚಿಕ್ಕಂದಿನಲ್ಲಿ ಹೊಳೆಯಲ್ಲಿ ಈಜುವಾಗ ಒಂದೆರಡು ಸಲ ಆಗಿತ್ತು. ಆದರೆ ಹಾಸಿಗೆಯಲ್ಲಿ ಸುಮ್ಮನೆ ಮಲಗಿದವನಿಗೆ, ಅದೂ ವಾರಕ್ಕೆ ನಾಲ್ಕೈದು ರಾತ್ರಿ, ಇದು ಬರತೊಡಗಿದಾಗ ನಿದ್ದೆಗಿಂತ ಮೊದಲು ನಿದ್ದೆಯ ಭಯ ಹತ್ತಿರ ಬರುತ್ತಿತ್ತು.

ನಮ್ಮ ಕಡೆ ಇದಕ್ಕೆ ‘ನರ ಹಿಡಿದುಕೊಂಡಿತು’ ಎನ್ನುತ್ತಾರೆ. ಕಾಲು ಮಡಚಿ ಕುಳಿತು ಎದ್ದಾಗ ಜುಮುಗುಟ್ಟುವ ಜೋಮಿಗೂ ಇದಕ್ಕೂ ಸಂಬಂಧವಿಲ್ಲ. ಜೋಮಿನಲ್ಲಿ ಕಾಲು ಸತ್ತಂತಿರುತ್ತದೆ, ಇದರಲ್ಲಿ ಬೇಡವೆಂದರೂ ಜೀವ ತುಂಬಿಕೊಂಡಂತಿರುತ್ತದೆ. ಈ ‘ನರ’ ಎಂಬ ಶಬ್ದವೇ ನನ್ನ ಮೊದಲ ತಿಂಗಳನ್ನು ಹಾಳು ಮಾಡಿತು. ಔಷಧದ ಅಂಗಡಿಯಲ್ಲಿ ಹೀಗೆ ಹೀಗಾಗುತ್ತದೆ ಎಂದು ಹೇಳಿದ ಕೂಡಲೇ ಒಳಗಿನಿಂದ ಕೆಂಪು ಬಣ್ಣದ ನರದ ಮಾತ್ರೆ ಬಂತು. ಬಿ12 ಜೀವಸತ್ವದ ಆ ಮಾತ್ರೆಯನ್ನು, ನನಗೆ ಬಿ12 ಕೊರತೆ ಇದೆಯೇ ಇಲ್ಲವೇ ಎಂದು ಯಾರೂ ಕೇಳದೆ, ನಾನೂ ಕೇಳಿಕೊಳ್ಳದೆ, ಮೂವತ್ತು ದಿನ ನುಂಗಿದೆ. ಸ್ನಾಯುವಿನ ಈ ಸೆಳೆತಕ್ಕೆ ಅದರ ಅರಿವೇ ಇರಲಿಲ್ಲ.

ಮನೆಗೆ ಬಂದವರೆಲ್ಲ ಒಂದೊಂದು ಉಪಾಯ ಹೇಳಿದರು. ಹರಳೆಣ್ಣೆ ಬಿಸಿಮಾಡಿ ಹಚ್ಚುವುದು, ಉಪ್ಪು ಹುರಿದು ಬಟ್ಟೆಯಲ್ಲಿ ಕಟ್ಟಿ ಶಾಖ ಕೊಡುವುದು, ದಿನಕ್ಕೆರಡು ಬಾಳೆಹಣ್ಣು, ಬೆಳಗ್ಗೆ ಒಂದು ಎಳನೀರು. ಶಾಖದಿಂದ ಮರುದಿನದ ನೋವು ಕಡಿಮೆಯಾಗುತ್ತಿದ್ದುದು ನಿಜ, ಅದನ್ನು ಈಗಲೂ ಮಾಡುತ್ತೇನೆ. ಉಳಿದವರೆಲ್ಲರ ಒಮ್ಮತದ ತೀರ್ಮಾನವೆಂದರೆ ಇದು ಶೀತದಿಂದ ಬರುವುದು ಎಂಬುದು. ಮಲೆನಾಡಿನ ಆಷಾಢದಲ್ಲಿ ಯಾವ ಕಾಯಿಲೆಯನ್ನು ಶೀತದ ತಲೆಗೆ ಕಟ್ಟಿದರೂ ಅಲ್ಲಗಳೆಯುವುದು ಕಷ್ಟ. ಹಾಗಾಗಿ ನಾನು ಅಟ್ಟದ ಮೇಲಿದ್ದ ಕರಿಕಂಬಳಿಯನ್ನು ಇಳಿಸಿ, ಗಾಳಿ ನುಸುಳದಂತೆ ಅದರ ಕಾಲ್ದೆಸೆಯ ಅಂಚನ್ನು ಹಾಸಿಗೆಯ ಅಡಿಗೆ ಬಿಗಿಯಾಗಿ ಸಿಕ್ಕಿಸಿ, ಅದರ ಮೇಲೆ ಸೊಳ್ಳೆಪರದೆಯನ್ನೂ ಸಿಕ್ಕಿಸಿ ಮಲಗತೊಡಗಿದೆ. ಈ ಕಂಬಳಿಯ ವಿಷಯಕ್ಕೆ ಮುಂದೆ ಮತ್ತೆ ಬರಬೇಕಾಗುತ್ತದೆ.

ಮೂವತ್ತೇಳು ವರ್ಷ ದಿನದ ಲೆಕ್ಕವನ್ನು ಅಂದೇ ಬರೆದು ಮುಗಿಸಿದವನಿಗೆ ಯಾವುದನ್ನೂ ಬರೆಯದೆ ಬಿಡುವುದು ಸಾಧ್ಯವಿಲ್ಲ. ಜುಲೈ 1ರಿಂದ ಒಂದು ನೋಟ್‌ಬುಕ್ಕಿನಲ್ಲಿ ರಾತ್ರಿಯ ಸಮಯ, ಯಾವ ಕಾಲು, ಎಷ್ಟು ನಿಮಿಷ, ಹಗಲಿನಲ್ಲಿ ಏನು ಮಾಡಿದ್ದೆ ಎಂಬ ನಾಲ್ಕು ಅಂಕಣ ಹಾಕಿ ಬರೆಯುತ್ತಾ ಹೋದೆ. ಜುಲೈ ತಿಂಗಳ ಮೂವತ್ತೊಂದು ರಾತ್ರಿಗಳಲ್ಲಿ ಹತ್ತೊಂಬತ್ತು ರಾತ್ರಿ ಸೆಳೆತ ಬಂದಿತ್ತು. ಅದರಲ್ಲಿ ಹದಿನಾಲ್ಕು ಎಡಗಾಲಿಗೆ. ಹೆಚ್ಚಿನವು ಎರಡು ಗಂಟೆಯಿಂದ ಐದು ಗಂಟೆಯೊಳಗೆ. ಆಗಸ್ಟ್ ಮೊದಲ ವಾರದಲ್ಲಿ ವೈದ್ಯರ ಬಳಿಗೆ ಹೋದಾಗ ನಾನು ಬಾಯಿಬಿಡುವ ಮೊದಲೇ ನೋಟ್‌ಬುಕ್ಕನ್ನು ಮೇಜಿನ ಮೇಲಿಟ್ಟೆ.

ಅವರು ಅದನ್ನು ನೋಡಿ ನಗಲಿಲ್ಲ. ಅದಕ್ಕಾಗಿ ನಾನು ಅವರಿಗೆ ಋಣಿ. ಮೊದಲು ಕೇಳಿದ ಪ್ರಶ್ನೆ, ನಡೆಯುವಾಗ ಮೀನಖಂಡ ನೋಯುತ್ತದೆಯೇ, ನಿಂತರೆ ಹೋಗುತ್ತದೆಯೇ ಎಂಬುದು. ಹಾಗಿದ್ದರೆ ಕಾಲಿನ ರಕ್ತನಾಳ ಕಿರಿದಾಗಿರುವ ಸಂಶಯ ಬರುತ್ತದಂತೆ. ಎರಡನೆಯದು, ಮಲಗಿದಾಗ ಕಾಲನ್ನು ಆಡಿಸದೆ ಇರಲಾಗದ ಚಡಪಡಿಕೆ ಉಂಟೇ ಎಂಬುದು. ಅದು ನೋವಿಲ್ಲದ ಬೇರೆಯೇ ತೊಂದರೆ. ಮೂರನೆಯದು, ಒಂದೇ ಕಾಲು ಊದಿಕೊಂಡು, ಕೆಂಪಾಗಿ, ಬಿಸಿಯಾಗಿದ್ದುದುಂಟೇ ಎಂಬುದು. ಒಳಗಿನ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿದಾಗ ಹೀಗಾಗುತ್ತದೆ, ಅದನ್ನು ಸೆಳೆತವೆಂದು ತಿಳಿದು ಎಣ್ಣೆ ಹಚ್ಚಿ ತಿಕ್ಕುತ್ತಾ ಕೂರಬಾರದು, ತಕ್ಷಣ ಆಸ್ಪತ್ರೆಗೆ ಬರಬೇಕು ಎಂದು ಅವರು ಎರಡು ಸಲ ಹೇಳಿದರು. ಮೂರಕ್ಕೂ ನನ್ನ ಉತ್ತರ ಇಲ್ಲವೆಂದೇ ಇತ್ತು. ಆಮೇಲೆ ಪಾದದ ಮೇಲಿನ ನಾಡಿ ಹಿಡಿದು ನೋಡಿ, ಮೊಣಕಾಲಿಗೆ ಸುತ್ತಿಗೆಯಿಂದ ತಟ್ಟಿ, ಉಬ್ಬಿದ ರಕ್ತನಾಳಗಳಿವೆಯೇ ಎಂದು ನಿಲ್ಲಿಸಿ ನೋಡಿ, ಕೊನೆಗೆ ನಾನು ನುಂಗುವ ಮಾತ್ರೆಗಳ ಚೀಟಿಯನ್ನು ಕೇಳಿದರು.

ಅಲ್ಲಿ ಒಂದು ಎಳೆ ಸಿಕ್ಕಿತು. ರಕ್ತದೊತ್ತಡಕ್ಕೆ ನಾನು ಹಲವು ವರ್ಷಗಳಿಂದ ಅಮ್ಲೋಡಿಪಿನ್ ತೆಗೆದುಕೊಳ್ಳುತ್ತಿದ್ದೆ. ಅದು ಸಾಲದೆಂದು ಏಪ್ರಿಲ್‌ನಲ್ಲಿ ಕ್ಲೋರ್ಥಲಿಡೋನ್ ಎಂಬ ಇನ್ನೊಂದು ಮಾತ್ರೆ ಸೇರಿತ್ತು. ಇದು ಮೂತ್ರ ಹೆಚ್ಚಿಸಿ ಒತ್ತಡ ಇಳಿಸುವ ಬಗೆಯದು. ನೀರಿನ ಜೊತೆಗೆ ದೇಹದ ಸೋಡಿಯಂ, ಪೊಟ್ಯಾಸಿಯಂಗಳೂ ಹೊರಗೆ ಹೋಗುತ್ತವೆ. ಏಪ್ರಿಲ್‌ನಲ್ಲಿ ಮಾತ್ರೆ, ಜೂನ್‌ನಲ್ಲಿ ಸೆಳೆತ. ಇಷ್ಟು ಸರಳವಾದ ಕೂಡುವ ಲೆಕ್ಕ ನನ್ನ ನೋಟ್‌ಬುಕ್ಕಿನಲ್ಲಿ ಇರಲಿಲ್ಲವೆಂಬುದು ನನಗೆ ಸ್ವಲ್ಪ ಅವಮಾನವೆನ್ನಿಸಿತು. ನಾನು ಹಗಲಿನಲ್ಲಿ ಎಷ್ಟು ನಡೆದೆ, ಏನು ತಿಂದೆ ಎಂದೆಲ್ಲ ಬರೆದಿದ್ದೆ, ಮಾತ್ರೆಯ ಅಂಕಣವನ್ನೇ ಹಾಕಿರಲಿಲ್ಲ. ರಕ್ತಪರೀಕ್ಷೆಯಲ್ಲಿ ಪೊಟ್ಯಾಸಿಯಂ 3.2 ಬಂತು. 3.5ರಿಂದ 5ರವರೆಗೆ ಇರಬೇಕಾದದ್ದು ಅದು. ಮೂತ್ರಪಿಂಡದ ಕ್ರಿಯಾಟಿನಿನ್, ಸಕ್ಕರೆ, ಕ್ಯಾಲ್ಸಿಯಂ, ಥೈರಾಯ್ಡ್ ಎಲ್ಲವೂ ಸರಿಯಾಗಿದ್ದವು. ವೈದ್ಯರು ಆ ಮಾತ್ರೆಯನ್ನು ತೆಗೆದು ಬೇರೊಂದನ್ನು ಬರೆದುಕೊಟ್ಟರು. ನಮ್ಮ ಬೀದಿಯಲ್ಲಿ ಒಬ್ಬರು ಕೊಲೆಸ್ಟ್ರಾಲ್ ಮಾತ್ರೆಯಿಂದ ಕಾಲು ಹಿಡಿಯುತ್ತದೆ ಎಂದು ಕೇಳಿ ತಾವೇ ನಿಲ್ಲಿಸಿಬಿಟ್ಟಿದ್ದರು. ಅದನ್ನು ಹೇಳಿದಾಗ, “ಬದಲಾಯಿಸೋದು ನಮ್ಮ ಕೆಲಸ ಪೋಸ್ಟ್‌ಮಾಸ್ಟ್ರೇ, ನೀವು ಬಂದು ಹೇಳೋದು ಮಾತ್ರ ನಿಮ್ಮ ಕೆಲಸ” ಎಂದರು.

ಹಾಗಾದರೆ ಬಾಳೆಹಣ್ಣು, ಎಳನೀರು ಇನ್ನೂ ಹೆಚ್ಚು ಮಾಡಲೇ ಎಂದು ಕೇಳಿದೆ, ಎರಡರಲ್ಲೂ ಪೊಟ್ಯಾಸಿಯಂ ಇದೆಯಲ್ಲ ಎಂಬ ಧೈರ್ಯದಲ್ಲಿ. ತಿನ್ನಿ, ಆದರೆ ಔಷಧವೆಂದು ತಿನ್ನಬೇಡಿ ಎಂದರು. ರಕ್ತದೊತ್ತಡದ ಕೆಲವು ಮಾತ್ರೆಗಳು ಪೊಟ್ಯಾಸಿಯಂ ಅನ್ನು ಇಳಿಸಿದರೆ ಇನ್ನು ಕೆಲವು ಏರಿಸುತ್ತವೆ. ಮೂತ್ರಪಿಂಡದ ತೊಂದರೆ ಇರುವವರು ಆರೋಗ್ಯಕ್ಕೆ ಒಳ್ಳೆಯದೆಂದು ದಿನವೂ ಎಳನೀರು ಕುಡಿದರೆ ಹೃದಯದ ಬಡಿತವೇ ತಪ್ಪಬಹುದು. ಬೆಂಗಳೂರಿನಲ್ಲಿರುವ ನನ್ನ ತಂಗಿಯ ಮಗ ಇದೇ ಸಮಯಕ್ಕೆ ಫೋನ್ ಮಾಡಿ, ಅಮೆರಿಕದಲ್ಲಿ ಆಟಗಾರರು ಸೆಳೆತ ಬಂದಾಗ ಸೌತೆಯ ಉಪ್ಪಿನಕಾಯಿಯ ನೀರು ಕುಡಿಯುತ್ತಾರೆ ಎಂದು ಹೇಳಿದ್ದ. ಅದು ಪೂರ್ತಿ ಹುಸಿಯಲ್ಲ. ವಿದ್ಯುತ್ ಕೊಟ್ಟು ಕಾಲ್ಬೆರಳಿನ ಸ್ನಾಯುವಿಗೆ ಸೆಳೆತ ಬರಿಸಿ ನಡೆಸಿದ ಅಲ್ಲಿನ ಪ್ರಯೋಗವೊಂದರಲ್ಲಿ, ಆ ನೀರು ಕುಡಿದವರ ಸೆಳೆತ ಬರಿ ನೀರು ಕುಡಿದವರದಕ್ಕಿಂತ ಬೇಗ, ಸುಮಾರು ಒಂದೂವರೆ ನಿಮಿಷದಲ್ಲಿ, ಬಿಟ್ಟಿತ್ತು. ಉಪ್ಪು ಹೊಟ್ಟೆಯಿಂದ ರಕ್ತಕ್ಕೆ ಸೇರುವ ಮೊದಲೇ ಹೀಗಾಗುವುದರಿಂದ, ಗಂಟಲಿಗೆ ತಗುಲಿದ ಹುಳಿಯ ಚುರುಕೇ ನರಗಳ ಮೂಲಕ ಕೆಲಸ ಮಾಡುತ್ತದೆ ಎಂದು ಊಹಿಸುತ್ತಾರೆ. ನಮ್ಮ ಮನೆಯ ಭರಣಿಯಲ್ಲಿ ಅಪ್ಪೆಮಿಡಿಯ ಉಪ್ಪುನೀರಿಗೇನೂ ಕೊರತೆಯಿರಲಿಲ್ಲ, ನನ್ನ ಕಣ್ಣು ಅದರ ಮೇಲೆ ಬಿದ್ದದ್ದೂ ನಿಜ. ರಕ್ತದೊತ್ತಡದವನು ಆ ಕಡೆ ನೋಡುವುದೂ ಬೇಡವೆಂದು ಹೆಂಡತಿ ಭರಣಿಯನ್ನು ಮೇಲಿನ ಹಲಗೆಗೆ ಏರಿಸಿದಳು.

ಮೆಗ್ನೀಸಿಯಂ ಮಾತ್ರೆಯ ಬಗ್ಗೆಯೂ ವಿಚಾರಿಸಿದೆ. ವಯಸ್ಸಾದವರ ರಾತ್ರಿ ಸೆಳೆತಕ್ಕೆ ಅದರಿಂದ ಹೇಳಿಕೊಳ್ಳುವಂಥ ಪ್ರಯೋಜನವಿಲ್ಲವೆಂದು ಹಲವು ಪ್ರಯೋಗಗಳನ್ನು ಒಟ್ಟಿಗೆ ಪರಿಶೀಲಿಸಿದ ಕಾಕ್ರೇನ್ ಸಮೀಕ್ಷೆ 2020ರಲ್ಲಿ ಹೇಳಿದೆಯಂತೆ. ಪರಿಣಾಮ ಉಂಟೆಂದು ಒಪ್ಪಿಕೊಳ್ಳಲಾದ ಹಳೆಯ ಔಷಧವೊಂದಿದೆ, ಅದು ಕ್ವಿನೈನ್. ಈ ಹೆಸರು ಕೇಳಿದಾಗ ನನ್ನ ಕಿವಿ ನಿಮಿರಿತು. ಮಲೇರಿಯಾಕ್ಕೆ ಹೆಸರಾಗಿದ್ದ ಮಲೆನಾಡಿನವರಿಗೆ ಆ ಕಹಿಯ ಕಥೆಗಳು ಹಿರಿಯರಿಂದ ಬಂದಿರುತ್ತವೆ. ಅಂಚೆಯವನಾದ ನನಗೆ ಇನ್ನೊಂದು ಕಾರಣವೂ ಇತ್ತು. ಬ್ರಿಟಿಷರ ಕಾಲದಲ್ಲಿ, 1892ರಲ್ಲಿ ಬಂಗಾಳದಲ್ಲಿ ಆರಂಭಿಸಿ, ಕ್ವಿನೈನ್ ಪುಡಿಯ ಪೊಟ್ಟಣಗಳನ್ನು ಒಂದು ಪೈಸೆಗೊಂದರಂತೆ ಅಂಚೆ ಕಚೇರಿಗಳಲ್ಲಿ ಮಾರಾಟ ಮಾಡುತ್ತಿದ್ದರು. ಕಾರ್ಡು, ಲಕೋಟೆಗಳ ಪಕ್ಕದಲ್ಲಿ ಜ್ವರದ ಮದ್ದು. ನಮ್ಮ ಇಲಾಖೆಯ ಮದ್ದೇ ನನ್ನ ಕಾಲಿಗೆ ಆಗಿಬರುತ್ತದೆಂದು ಒಂದು ಕ್ಷಣ ಸಂತೋಷಪಟ್ಟೆ. ಆದರೆ ಅದು ಕೆಲವರಲ್ಲಿ ರಕ್ತದ ಪ್ಲೇಟ್‌ಲೆಟ್‌ಗಳನ್ನು ಅಪಾಯಕರವಾಗಿ ಕುಗ್ಗಿಸುತ್ತದೆ, ಹೃದಯದ ಲಯ ಕೆಡಿಸುತ್ತದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 1994ರಲ್ಲಿಯೇ ಕಾಲು ಸೆಳೆತಕ್ಕೆಂದು ಅದನ್ನು ಚೀಟಿಯಿಲ್ಲದೆ ಮಾರುವುದನ್ನು ನಿಲ್ಲಿಸಿತು, ಮುಂದೆಯೂ ಈ ಬಳಕೆಯ ವಿರುದ್ಧ ಎಚ್ಚರಿಕೆ ಕೊಡುತ್ತಲೇ ಬಂತು. ಕಾಲು ಹಿಡಿಯುವುದರಿಂದ ಯಾರೂ ಸಾಯುವುದಿಲ್ಲ, ಅದಕ್ಕೆ ಕೊಡುವ ಮದ್ದಿನಿಂದ ಸಾಯಬಾರದು ಎಂದು ವೈದ್ಯರು ಹೇಳಿದ ಮೇಲೆ ಆ ಮಾತು ಅಲ್ಲಿಗೆ ನಿಂತಿತು.

ಮಾತ್ರೆ ಬದಲಾದ ಮೇಲೆ ಆಗಸ್ಟ್‌ನಲ್ಲಿ ಲೆಕ್ಕ ಹನ್ನೊಂದಕ್ಕೆ ಇಳಿಯಿತು. ಎರಡನೆಯ ಪರೀಕ್ಷೆಯಲ್ಲಿ ಪೊಟ್ಯಾಸಿಯಂ 4.1. ಕೊರತೆಯೇ ಕಾರಣವಾಗಿದ್ದರೆ ಸೆಳೆತ ಪೂರ್ತಿ ನಿಲ್ಲಬೇಕಿತ್ತಲ್ಲವೇ ಎಂದು ನಾನು ವಾದಿಸಿದೆ. ಆಗ ಅವರು ವಿವರಿಸಿದ್ದು ನನಗೆ ಚೆನ್ನಾಗಿ ಅರ್ಥವಾದದ್ದಕ್ಕೆ ನನ್ನ ಕಸುಬೂ ಕಾರಣವಿರಬಹುದು. ನಾನು ಸೇವೆಗೆ ಸೇರಿದ ಕಾಲದಲ್ಲಿ ತಂತಿ ಕಳುಹಿಸುವ ಕೀಲಿಯ ಟಕಟಕ ಸದ್ದು ಇನ್ನೂ ಕೇಳಿಬರುತ್ತಿತ್ತು. ಸ್ನಾಯುವಿಗೆ ‘ಬಿಗಿ’ ಎಂಬ ಆದೇಶ ಬೆನ್ನುಹುರಿಯಿಂದ ಹೊರಟ ನರದ ಮೂಲಕ ಇಂಥದೇ ಮಿಡಿತಗಳಾಗಿ ಬರುತ್ತದೆ. ಸೆಳೆತವೆಂದರೆ, ಕಳುಹಿಸುವವನು ಕೈತೆಗೆದ ಮೇಲೂ ಕೀಲಿ ಸಿಕ್ಕಿಹಾಕಿಕೊಂಡು ತಾನೇ ತಾನಾಗಿ ಬಡಿದುಕೊಳ್ಳುವುದು. ಸೆಕೆಂಡಿಗೆ 150 ಮಿಡಿತಗಳವರೆಗೂ ಇದು ಹೋಗಬಲ್ಲದು. ಹೆಚ್ಚಿನವರಲ್ಲಿ ಇದಕ್ಕೆ ಇಂಥದೇ ಎಂದು ಬೆರಳಿಟ್ಟು ತೋರಿಸಬಹುದಾದ ಕಾರಣ ಸಿಗುವುದಿಲ್ಲ. ಆದರೆ ಸ್ನಾಯು ಮೊದಲೇ ಕುಗ್ಗಿದ ಸ್ಥಿತಿಯಲ್ಲಿದ್ದಾಗ ಹೀಗಾಗುವುದು ಸುಲಭ. ಮಲಗಿದಾಗ ಪಾದ ಸಹಜವಾಗಿ ಕೆಳಮುಖವಾಗಿ ಚಾಚಿಕೊಳ್ಳುತ್ತದೆ, ಮೀನಖಂಡ ಗಿಡ್ಡವಾಗುತ್ತದೆ, ಆ ಹೊತ್ತಿಗೆ ಸರಿಯಾಗಿ ನಾನು ಮೈಮುರಿದು ಅದನ್ನು ಇನ್ನಷ್ಟು ಬಿಗಿಯುತ್ತೇನೆ. ಮೊದಲ ರಾತ್ರಿ ಆಗಿದ್ದೂ ಅದೇ.

ಅಲ್ಲಿಂದ ನನ್ನನ್ನು ಫಿಸಿಯೋಥೆರಪಿಸ್ಟ್ ಒಬ್ಬರ ಬಳಿ ಕಳುಹಿಸಿದರು. ನನ್ನ ಮಗಳ ವಯಸ್ಸಿನ ಆಕೆ ನನ್ನನ್ನು ಬರಿಗಾಲಿನಲ್ಲಿ ಕುಕ್ಕರುಗಾಲಿನಲ್ಲಿ ಕೂರಲು ಹೇಳಿದರು. ಹಿಮ್ಮಡಿ ನೆಲಕ್ಕೆ ತಾಗಲೇ ಇಲ್ಲ. “ಮನೇಲಿ ಕಮೋಡ್ ಯಾವಾಗ ಹಾಕ್ಸಿದ್ರಿ ಅಂಕಲ್?” ಎಂದು ಕೇಳಿದರು. ಮೊಣಕಾಲು ನೋವೆಂದು ಮೂರು ವರ್ಷದ ಹಿಂದೆ ಹಾಕಿಸಿದ್ದೆವು. ದಿನಕ್ಕೆ ಹಲವು ಬಾರಿ ಕುಕ್ಕರುಗಾಲಿನಲ್ಲಿ ಕೂರುತ್ತಿದ್ದ ದೇಹ ಅದನ್ನು ಬಿಟ್ಟಾಗ ಮೀನಖಂಡದ ಸ್ನಾಯುಗಳು ಕ್ರಮೇಣ ಬಿಗಿದುಕೊಳ್ಳುತ್ತವೆ, ಸೆಳೆತಕ್ಕೆ ಇದೂ ಒಂದು ಕಾರಣವೆಂದು ಊಹಿಸಿದವರಿದ್ದಾರೆ ಎಂದು ಆಕೆ ಹೇಳಿದರು. ಊಹೆ ಎಂಬ ಶಬ್ದವನ್ನು ಒತ್ತಿ ಹೇಳಿದ್ದು ನನಗೆ ಹಿಡಿಸಿತು. ಅಡಿಕೆ ಸುಲಿಯುವ ಕಾಲದಲ್ಲಿ ಚಪ್ಪರದಡಿ ಗಂಟೆಗಟ್ಟಲೆ ನೆಲದಲ್ಲಿ ಕೂತಿರುತ್ತಿದ್ದ ನಮ್ಮಜ್ಜಿಗೆ ಕಾಲು ಹಿಡಿದದ್ದನ್ನು ನಾನು ಕೇಳಿಲ್ಲ, ಆದರೆ ಒಬ್ಬ ಅಜ್ಜಿಯಿಂದ ಏನನ್ನೂ ಸಾಬೀತುಪಡಿಸಲಾಗದು.

ಆಕೆ ಕಲಿಸಿದ್ದು ಎರಡೇ ಕ್ರಮ. ಗೋಡೆಯಿಂದ ಎರಡೂವರೆ ಅಡಿ ದೂರ ನಿಂತು, ಎರಡೂ ಅಂಗೈಗಳನ್ನು ಎದೆಯ ಎತ್ತರಕ್ಕೆ ಗೋಡೆಗೆ ಊರಿ, ಮೊಣಕಾಲು ಮಡಚದೆ, ಹಿಮ್ಮಡಿಯನ್ನು ನೆಲದಿಂದ ಏಳಗೊಡದೆ, ಮೈಯನ್ನು ನಿಧಾನವಾಗಿ ಗೋಡೆಯ ಕಡೆಗೆ ವಾಲಿಸಬೇಕು. ಮೀನಖಂಡ ಜಗ್ಗಿದಂತಾಗುವಲ್ಲಿ ನಿಲ್ಲಿಸಿ ಹತ್ತು ಸೆಕೆಂಡಿನಿಂದ ಮೂವತ್ತು ಸೆಕೆಂಡಿನವರೆಗೆ ತಡೆದು, ಮೂರು ಸಲ ಹೀಗೆ ಮಾಡಬೇಕು. ನೋವಾಗುವಷ್ಟು ಜಗ್ಗಬಾರದು, ಜಗ್ಗಿದಲ್ಲಿ ಕುಪ್ಪಳಿಸಬಾರದು. ಆಮೇಲೆ ಹಾಸಿಗೆಯ ಮೇಲೆ ಕಾಲು ಚಾಚಿ ಕುಳಿತು, ಪಂಚೆಯೊಂದನ್ನು ಪಾದದ ಮುಂಭಾಗಕ್ಕೆ ಸುತ್ತಿ, ಬೆರಳುಗಳು ತನ್ನ ಕಡೆಗೆ ಬಾಗುವಂತೆ ಎಳೆದುಕೊಳ್ಳಬೇಕು. ಮಲಗುವ ಮೊದಲು ಇಷ್ಟಕ್ಕೆ ಐದಾರು ನಿಮಿಷ ಸಾಕು. ನೆದರ್ಲೆಂಡ್ಸ್‌ನಲ್ಲಿ ಐವತ್ತೈದು ದಾಟಿದ 80 ಜನರ ಮೇಲೆ ನಡೆಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆರು ವಾರ ಹೀಗೆ ಮಾಡಿದವರಿಗೆ, ಮಾಡದವರಿಗೆ ಹೋಲಿಸಿದರೆ ರಾತ್ರಿಗೆ ಸರಾಸರಿ ಒಂದಕ್ಕಿಂತ ಸ್ವಲ್ಪ ಹೆಚ್ಚು ಸೆಳೆತ ಕಡಿಮೆಯಾಗಿತ್ತು ಎಂದರು. ಪ್ರಯೋಜನ ಕಾಣದ ಅಧ್ಯಯನವೂ ಉಂಟೆಂದು ನಾನು ಆಮೇಲೆ ತಿಳಿದುಕೊಂಡೆ. ಖರ್ಚಿಲ್ಲ, ಕಹಿಯಿಲ್ಲ, ಇನ್ನೊಂದು ಮಾತ್ರೆಯೊಂದಿಗೆ ಜಗಳವಿಲ್ಲ. ಆರು ವಾರ ಮಾಡಿ ನೋಡಲು ನನಗೆ ಅಷ್ಟು ಸಾಕಾಗಿತ್ತು.

ಸೆಳೆತ ಬಂದ ಕ್ಷಣದಲ್ಲಿ ಏನು ಮಾಡಬೇಕೆಂಬುದನ್ನು ಕಲಿಯುವುದು ಇದಕ್ಕಿಂತ ಕಷ್ಟವಾಯಿತು, ಏಕೆಂದರೆ ಆ ಕ್ಷಣದಲ್ಲಿ ಬುದ್ಧಿ ಇರುವುದಿಲ್ಲ. ಮೀನಖಂಡವನ್ನು ಹಿಡಿದುಕೊಂಡು ಮುದುಡುವುದು ನನ್ನ ಸ್ವಭಾವವಾಗಿತ್ತು. ಮಾಡಬೇಕಾದ್ದು ಅದಕ್ಕೆ ವಿರುದ್ಧ. ಮೊಣಕಾಲನ್ನು ನೆಟ್ಟಗೆ ಮಾಡಿ, ಬೆರಳುಗಳನ್ನು ಮೊಣಕಾಲಿನ ಕಡೆಗೆ ಎಳೆದು, ಹಿಮ್ಮಡಿಯನ್ನು ದೂರ ತಳ್ಳಬೇಕು. ಹಾಗೆ ಸ್ನಾಯುವನ್ನು ಹಿಗ್ಗಿಸಿದಾಗ ಅದರ ತುದಿಯ ಸ್ನಾಯುರಜ್ಜುವಿನಿಂದ ಬೆನ್ನುಹುರಿಗೆ ಮರುಸುದ್ದಿ ಹೋಗಿ ಆ ಹುಚ್ಚು ಮಿಡಿತ ತಗ್ಗುತ್ತದೆ. ನೆಲದ ಮೇಲೆ ಪಾದವನ್ನು ಪೂರ್ತಿ ಊರಿ ನಿಂತರೂ ಆಗುತ್ತದೆ. ಆದರೆ ಆಗಸ್ಟ್ ಕೊನೆಯಲ್ಲೊಂದು ರಾತ್ರಿ ನಿಲ್ಲಲು ಹೋಗಿ ಸೊಳ್ಳೆಪರದೆಯಲ್ಲಿ ಕಾಲು ತೊಡರಿ, ಮಂಚದ ತಲೆಹಲಗೆಯನ್ನು ಹಿಡಿಯದೆ ಇದ್ದಿದ್ದರೆ ಸೊಂಟವೇ ಮುರಿಯುತ್ತಿತ್ತು. ಅಂದಿನಿಂದ ಮೊದಲು ಕುಳಿತೇ ಎಳೆದುಕೊಳ್ಳುತ್ತೇನೆ. ಅರೆನಿದ್ದೆಯಲ್ಲಿ ಮೈಮುರಿಯುವಾಗಲೂ ಬೆರಳು ಚಾಚದೆ ಹಿಮ್ಮಡಿ ಚಾಚುವುದನ್ನು ಅಭ್ಯಾಸ ಮಾಡಿಕೊಂಡೆ. ನಿದ್ದೆಯಲ್ಲಿ ನೆನಪಿಡುವಂತಾಗಲು ಒಂದು ತಿಂಗಳು ಬೇಕಾಯಿತು.

ಸೆಪ್ಟೆಂಬರ್‌ನಲ್ಲಿ ನಾಲ್ಕು ರಾತ್ರಿ, ಅಕ್ಟೋಬರ್‌ನಲ್ಲಿ ಎರಡು. ಗೆದ್ದೆನೆಂದು ಹಬ್ಬಕ್ಕೆ ಬಂದ ಬಂಧುಗಳಿಗೆಲ್ಲ ಗೋಡೆಗೆ ನಿಲ್ಲುವುದನ್ನು ಕಲಿಸಿದೆ. ದೀಪಾವಳಿ ಕಳೆದು ಚಳಿ ಬಿದ್ದಾಗ, ನವೆಂಬರ್‌ನ ಮೊದಲ ಹತ್ತು ದಿನಗಳಲ್ಲಿ ಐದು ಸಲ ಬಂತು. ಶೀತವೆಂದವರು ಮತ್ತೆ ತಲೆಯೆತ್ತಿದರು. ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ನಡೆದ ಅಧ್ಯಯನದ ಪ್ರಕಾರ ಕಾಲು ಸೆಳೆತ ನಡುಬೇಸಿಗೆಯಲ್ಲಿ ಹೆಚ್ಚು, ಚಳಿಗಾಲದಲ್ಲಿ ಕಡಿಮೆ ಎಂದು ನಾನು ಓದಿದ್ದನ್ನು ಅವರಿಗೆ ಹೇಳಿದರೆ, ಅಲ್ಲಿನ ಚಳಿ ಬೇರೆ ಎಂದರು. ನಾನು ನೋಟ್‌ಬುಕ್ಕಿನ ಹಳೆಯ ಪುಟಗಳನ್ನು ತಿರುವಿ ನೋಡಿದೆ. ಆಷಾಢದಲ್ಲಿ ಇದ್ದು, ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಇಲ್ಲದೆ, ಈಗ ಮತ್ತೆ ಬಂದದ್ದು ಒಂದೇ, ಕರಿಕಂಬಳಿ. ಸೆಕೆ ಶುರುವಾದಾಗ ಅಟ್ಟಕ್ಕೆ ಹೋಗಿದ್ದ ಅದನ್ನು ನವೆಂಬರ್ 1ರಂದು ಇಳಿಸಿದ್ದೆವು. ಅಂಗಾತ ಮಲಗಿ ಹೆಂಡತಿಗೆ ನೋಡಲು ಹೇಳಿದೆ. ಹಾಸಿಗೆಯಡಿ ಬಿಗಿಯಾಗಿ ಸಿಕ್ಕಿಸಿದ ಕಂಬಳಿಯ ಭಾರಕ್ಕೆ ಎರಡೂ ಪಾದಗಳು ಕೆಳಮುಖವಾಗಿ ಒತ್ತಿಹೋಗಿದ್ದವು, ರಾತ್ರಿಯಿಡೀ ತುದಿಗಾಲಿನಲ್ಲಿ ನಿಂತವನ ಹಾಗೆ. ಕಾಲಿಗೆ ಗಾಳಿ ತಗುಲದಿರಲೆಂದು ನಾನೇ ಮಾಡಿಕೊಂಡ ವ್ಯವಸ್ಥೆ ಅದು.

ಕಂಬಳಿಯನ್ನು ಬಿಡಲಿಲ್ಲ, ಸಾಗರದ ಚಳಿಯಲ್ಲಿ ಅದು ಆಗದ ಮಾತು. ಕಾಲ್ದೆಸೆಯ ಅಂಚನ್ನು ಸಿಕ್ಕಿಸುವುದನ್ನು ಬಿಟ್ಟು ಸಡಿಲವಾಗಿ ಹೊದೆಯುತ್ತೇನೆ, ಪಾದಗಳ ಆಚೆ ಒಂದು ಗಟ್ಟಿ ದಿಂಬು ನಿಲ್ಲಿಸಿ ಕಂಬಳಿಯ ಭಾರ ಅದರ ಮೇಲೆ ಬೀಳುವಂತೆ ಮಾಡಿದ್ದೇನೆ. ಬೋರಲು ಮಲಗಬೇಕಾದರೆ ಪಾದಗಳು ಹಾಸಿಗೆಯ ಅಂಚಿನಿಂದ ಹೊರಗಿರುತ್ತವೆ. ನವೆಂಬರ್‌ನ ಉಳಿದ ಇಪ್ಪತ್ತು ದಿನಗಳಲ್ಲಿ ಒಂದು ಸಲ ಬಂತು. ಇದರಲ್ಲಿ ಮಾತ್ರೆಯ ಪಾಲೆಷ್ಟು, ಗೋಡೆಯ ಪಾಲೆಷ್ಟು, ಕಂಬಳಿಯ ಪಾಲೆಷ್ಟು ಎಂದು ಬೇರ್ಪಡಿಸಿ ಬರೆಯಲು ನನ್ನ ನಾಲ್ಕು ಅಂಕಣಗಳಿಂದ ಆಗುವುದಿಲ್ಲ. ಏನೂ ಮಾಡದಿದ್ದರೂ ಈ ಸೆಳೆತ ಕೆಲವು ತಿಂಗಳು ಬಂದು ಕೆಲವು ತಿಂಗಳು ಮರೆಯಾಗುವುದುಂಟು ಎಂದು ವೈದ್ಯರೇ ಹೇಳಿದ್ದಾರೆ.

ಫೆಬ್ರವರಿಯಲ್ಲಿ ತಮ್ಮನ ಮಗಳ ಮದುವೆಯಲ್ಲಿ ಬೆಳಗಿನಿಂದ ರಾತ್ರಿಯವರೆಗೆ ನಿಂತೇ ಇದ್ದೆ, ಎರಡು ಪಂಕ್ತಿಗೆ ಬಡಿಸಿದೆ, ದಣಿದು ಬಂದು ಗೋಡೆಗೆ ನಿಲ್ಲದೆ ಮಲಗಿದೆ. ನಾಲ್ಕು ಗಂಟೆಗೆ ಎಡಗಾಲು ಹಿಡಿಯಿತು. ಎದ್ದು ಕುಳಿತು ಬೆರಳುಗಳನ್ನು ಎಳೆದುಕೊಂಡೆ. ಹೆಂಡತಿ ಎಚ್ಚರಗೊಂಡು ದೀಪದ ಗುಂಡಿಗೆ ಕೈಹಾಕುವಷ್ಟರಲ್ಲಿ ಬಿಟ್ಟಿತ್ತು. “ಆಯ್ತಾ?” ಎಂದಳು. ಆಯಿತೆಂದೆ.

ಈ ಯುಗಾದಿಗೆ ಮನೆಗೆ ಸುಣ್ಣ ಬಳಿಸಿದೆವು. ಮಲಗುವ ಕೋಣೆಯ ಗೋಡೆಯಲ್ಲಿ, ಎದೆಯ ಎತ್ತರದಲ್ಲಿ, ಕಾಲಿಗೆ ಎಣ್ಣೆ ಹಚ್ಚಿದ ಕೈ ಊರಿ ಊರಿ ಎರಡು ಅಂಗೈಗಳ ಜಿಡ್ಡುಗುರುತು ಮೂಡಿತ್ತು. ಬಳಿಯಲು ಬಂದವನು ಅದನ್ನು ಉಜ್ಜಿ ತೆಗೆಯಬೇಕೇ ಎಂದು ಕೇಳಿದ. “ಬೇಡ ಬಿಡಪ್ಪ, ಇವತ್ತು ರಾತ್ರಿಗೇ ಮತ್ತೆ ಆಗತ್ತೆ” ಎಂದು ನನ್ನ ಹೆಂಡತಿ ಅಡಿಗೆಮನೆಯಿಂದಲೇ ಉತ್ತರಿಸಿದಳು.